ಮೆಕ್ಕೆಜೋಳದ ಅಂಚಿನ ಕಲ್ಲುಗಳು

ತಾನೇ ಓಡುವ ಗಾಡಿಯ ಸ್ಟೇರಿಂಗ್ ಯಾವಾಗ, ಎಷ್ಟು ತಿರುಗಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ನಗರಕ್ಕೆ ಬಿಡುವ ಮೊದಲು ಎಲ್ಲಿ ಓಡಿಸಿ ನೋಡೋಣ ಎಂಬ ಮಾತು ಬಂದಾಗ, ನಮ್ಮ ಶಿಕಾರಿಪುರದಲ್ಲಿ ಓಡಿದ್ದು ಎಲ್ಲಾದರೂ ಓಡುತ್ತದೆ ಎಂದು ಜಂಬ ಕೊಚ್ಚಿದವನೂ ನಾನೇ. ಸೊರಬದ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ಒಂದು ನೇರ ತುಂಡು ಆರಿಸಿಕೊಂಡೆ. ನಮ್ಮ ಕಂಪನಿಯ ಸಾಹೇಬರು ನೋಡಲು ಬಂದ ದಿನ ಗಾಡಿ ಅಲ್ಲಿ ಯಾರೂ ಮುಟ್ಟದೆ ನೆಟ್ಟಗೆ ಹೋದರೆ ನಗರಕ್ಕೆ, ಇಲ್ಲದಿದ್ದರೆ ನನ್ನ ಎರಡು ವರ್ಷದ ಕೆಲಸ ಮೂಲೆಗೆ.

ಕ್ಯಾಮೆರಾ ರಸ್ತೆಯ ಅಂಚು ನೋಡಿ ಗಾಡಿ ಎಷ್ಟು ಸರಿದಿದೆ ಎಂದು ತಿಳಿಸುತ್ತದೆ. ಸ್ಟೇರಿಂಗ್ ಅಷ್ಟಕ್ಕಷ್ಟೇ ತಿರುಗಬೇಕು. ಜಾಸ್ತಿಯಾದರೆ ಓಲಾಟ, ಕಡಿಮೆಯಾದರೆ ಚರಂಡಿ. ತಿದ್ದಿ ತಿದ್ದಿ ಮೂರನೇ ವಾರಕ್ಕೆ ಗಾಡಿ ದಾರ ಹಿಡಿದಂತೆ ಓಡಿತು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಕಿರಿಕಿರಿ ಒಂದೇ. ಬದಿಯ ಮನೆಯ ಅಜ್ಜಿ ಡಾಂಬರಿನ ಮೇಲೆ ಉದ್ದಕ್ಕೂ ಮೆಕ್ಕೆಜೋಳ ಒಣಹಾಕಿ, ಯಾರೂ ಗಾಡಿ ಹತ್ತಿಸದಿರಲೆಂದು ಅದರ ಅಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ದರು. ಸಾಹೇಬರ ಮುಂದೆ ಮರ್ಯಾದೆ ಹೋಗುತ್ತದೆ, ತೆಗೆಯಿರಿ ಎಂದು ದಿನಾ ಅವರ ತಲೆ ತಿಂದೆ. ಕೊನೆಗೆ ಸಾಹೇಬರು ಬರುವ ಹಿಂದಿನ ದಿನ ಅಜ್ಜಿ ಜೋಳವನ್ನೆಲ್ಲ ಚೀಲಕ್ಕೆ ತುಂಬಿ, ಕಲ್ಲು ತೆಗೆದು, ರಸ್ತೆ ಗುಡಿಸಿಯೂ ಬಿಟ್ಟರು. ಪುಣ್ಯಾತ್ಗಿತ್ತಿ ಎಂದುಕೊಂಡೆ.

ಮರುದಿನ ಸಾಹೇಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಟೇರಿಂಗ್ ಬಿಟ್ಟು, ಗತ್ತಿನಿಂದ ಕೈಕಟ್ಟಿ ಕೂತೆ. ಗಾಡಿ ಎಡಕ್ಕೆ ಎಳೆಯಿತು, ಬಲಕ್ಕೆ ಎಳೆಯಿತು, ಮತ್ತೆ ಎಡಕ್ಕೆ. ಅಜ್ಜಿಯ ಮನೆ ಮುಂದೆ ಇನ್ನೇನು ಚರಂಡಿಗೆ ಇಳಿಯಬೇಕು, ಬ್ರೇಕ್ ಒತ್ತಿದೆ. ಅಜ್ಜಿ ಹೊರಗೆ ಬಂದರು.

“ನೀ ಹೇಳ್ದಂಗೆ ಒಂದು ಕಲ್ಲೂ ಬಿಡ್ದಂಗೆ ತೆಗ್ದೀನಲ್ಲ ತಮ್ಮಾ. ಮತ್ಯಾಕೆ ಸೊಟ್ಟ ಹೋತು?”

ಆಗ ಹೊಳೆಯಿತು. ಬಿಳಿ ಗೆರೆಯಿಲ್ಲದ, ಬದಿಯೆಲ್ಲ ಮಣ್ಣು ಮುಚ್ಚಿದ ಆ ರಸ್ತೆಗೆ ಅಂಚೇ ಇರಲಿಲ್ಲ. ಮೂರು ವಾರ ನನ್ನ ಗಾಡಿ ಅಂಚೆಂದು ನಂಬಿ ಓಡಿದ್ದು ಅಜ್ಜಿಯ ಕಲ್ಲಿನ ಸಾಲನ್ನು. ಕ್ಯಾಮೆರಾ ಕೆಟ್ಟಿದೆ ಎಂಬ ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಅಜ್ಜಿಯ ಮುಖ ನೋಡಿ ಆಗಲಿಲ್ಲ. ನಾಚಿಕೆಯಾದರೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಸಾಹೇಬರು ಬೈಯಲಿಲ್ಲ. ಕೆಳಗಿಳಿದು, ಕಲ್ಲು ಅಷ್ಟು ನೇರ ಹೇಗೆ ಇಟ್ಟಿರಿ ಎಂದು ಅಜ್ಜಿಯನ್ನು ಕೇಳಿದರು. ಹಗ್ಗ ಹಿಡಿದು ಎಂದರು ಅಜ್ಜಿ.

ಸರಿಮಾಡಲು ಸಾಹೇಬರು ನನಗೆ ಒಂದು ತಿಂಗಳು ಕೊಟ್ಟರು. ಷರತ್ತು ಒಂದೇ, ರಸ್ತೆ ಮೇಲೆ ಕಲ್ಲಿರಬಾರದು. ಸಾಹೇಬರನ್ನು ಬಸ್ ಹತ್ತಿಸಿ, ಅಜ್ಜಿಗೆ ಈ ವಿಷಯ ಹೇಳೋಣವೆಂದು ವಾಪಸ್ ಬಂದೆ. ಪಾಪ, ನನ್ನ ಗಾಡಿಗೆ ಬೇಕಾದೀತೆಂದು ಅವರು ಆಗಲೇ ಹಗ್ಗ ಕಟ್ಟಿ, ಖಾಲಿ ರಸ್ತೆಗೆ ಅರ್ಧದವರೆಗೂ ಕಲ್ಲು ಜೋಡಿಸಿಬಿಟ್ಟಿದ್ದರು.