ಮೈಕ್ ಕೊಟ್ರಪ್ಪನ ಇಂಗ್ಲಿಷ್ ಪ್ಲೇಟು

ಮಿರ್ಚಿಗೆ ಹಿಟ್ಟು ಕಲಸುತ್ತಿದ್ದೆ. ನಡುಮನೆಯಲ್ಲಿ ಮಗಳು ಸುಮಾ ಮತ್ತು ಅಳಿಯ ವಿರೂಪಾಕ್ಷ ಜಗಳಕ್ಕೆ ಬಿದ್ದಿದ್ದರು. ಗಾಬರಿಯಾಗಬೇಡಿ, ಸಂಸಾರದ ಜಗಳವಲ್ಲ. ಅದಾಗಿದ್ದರೆ ನಾನು ಒಲೆ ಆರಿಸಿ ಬಾಗಿಲ ಮರೆಗೆ ಬಂದು ನಿಲ್ಲುತ್ತಿದ್ದೆ. ಇದು ಅರವತ್ತರ ದಶಕದಲ್ಲಿ ಲೋಕಕ್ಕೆಲ್ಲ ಹುಚ್ಚು ಹಿಡಿಸಿದ ಇಂಗ್ಲೆಂಡಿನ ನಾಲ್ಕು ಹುಡುಗರ ಬ್ಯಾಂಡಿನ ಬಗ್ಗೆ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಆ ಕಡೆ ಈ ಕಡೆ ಎಂದು ಎರಡು ಪಾಲಾಗುತ್ತೀರಿ, ನನ್ನ ಕಥೆ ಕೇಳುವವರೇ ಇರುವುದಿಲ್ಲ.

“ಅವರು ಬರಲಿಲ್ಲಂದ್ರ ಇವತ್ತು ನೀವು ಕೇಳೋ ಒಂದು ಹಾಡೂ ಹಿಂಗ ಇರ್ತಿದ್ದಿಲ್ಲ” ಎಂದಳು ಸುಮಾ.

“ಕೂದಲಾ ಬಿಟ್ಕೊಂಡು ಕುಣಿದ್ರು, ಹುಡುಗ್ಯಾರು ಚೀರಿದ್ರು, ಅಷ್ಟ. ನೀನು ಇನ್ನಾ ಅದನ್ನ ಹೊತ್ಕೊಂಡು ತಿರುಗಾಕತ್ತೀದಿ” ಎಂದರು ಅಳಿಯ. ಅವರು ಇಲ್ಲೇ ಹಗರಿಬೊಮ್ಮನಹಳ್ಳಿಯಲ್ಲಿ ಹೈಸ್ಕೂಲು ಮಾಸ್ತರು, ತಬಲಾ ಬೇರೆ ನುಡಿಸುತ್ತಾರೆ. ಹೀಗಾಗಿ ಸಂಗೀತದ ಮಾತು ಬಂದರೆ ಸೋಲು ಒಪ್ಪುವ ರೂಢಿಯಿಲ್ಲ.

“ಕೇಳಿ ಆಮ್ಯಾಲೆ ಮಾತಾಡ್ರಿ” ಎಂದು ಸುಮಾ ಫೋನಿನಲ್ಲಿ ಒಂದು ಹಾಡು ಹಚ್ಚಿದಳು. ಎರಡನೇ ಸಾಲಿಗೆ ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಇದು ನಮ್ಮಪ್ಪನ ಹಾಡು. ಆದರೆ ಹಾಡುವವರು ಯಾಕೆ ಹಿಂದೆ ನಾಯಿ ಬಿದ್ದವರಂತೆ ಓಡುತ್ತಿದ್ದಾರೆ? ಹಿಟ್ಟಿನ ಕೈಯಲ್ಲೇ ಹೋಗಿ ನಿಂತು, ಮಗಳೇ, ನಿನ್ನ ಫೋನು ಕೆಟ್ಟಿದೆ ಎಂದೆ.

ನಮ್ಮಪ್ಪ ಕೊಟ್ಟೂರಿನಲ್ಲಿ ಮೈಕ್‌ಸೆಟ್ ಇಟ್ಟಿದ್ದ. ಆ ಊರಲ್ಲಿ ಮನೆಗೊಬ್ಬ ಕೊಟ್ರಪ್ಪ ಇರುವುದರಿಂದ ಇವನು ಮೈಕ್ ಕೊಟ್ರಪ್ಪನಾದ. ಎರಡು ಹಾರ್ನು, ಒಂದು ಗ್ರಾಮಫೋನ್ ಪ್ಲೇಟು ಹಚ್ಚುವ ಯಂತ್ರ, ತಗಡಿನ ಪೆಟ್ಟಿಗೆ ತುಂಬ ಪ್ಲೇಟು. ಕೂಡ್ಲಿಗಿಯಿಂದ ಹಡಗಲಿಯವರೆಗೆ ಮದುವೆ ಮುಂಜಿ ಎಂದರೆ ಅಪ್ಪನ ಹಾರ್ನು ಬೇವಿನ ಮರಕ್ಕೆ ಏರಬೇಕು. ಮೊದಲ ಪ್ಲೇಟು ದೇವರದ್ದು, ಆಮೇಲೆ ಸಿನಿಮಾದ್ದು. ಊಟವಾಗಿ ಹಿರಿಯರೆಲ್ಲ ಜಮಖಾನದ ಮೇಲೆ ಉರುಳಿದ ಮೇಲೆ ಒಂದು ಇಂಗ್ಲಿಷ್ ಪ್ಲೇಟು, ಅಂಗೈಗಿಂತ ಸ್ವಲ್ಪ ದೊಡ್ಡದು. ಆ ಕಡೆಯ ಮೈಕ್‌ಸೆಟ್‌ನವರಲ್ಲಿ ಇನ್ನೊಬ್ಬರ ಬಳಿ ಅಂಥದ್ದು ಇರಲಿಲ್ಲ. ಈ ಮಾತು ಹೇಳುವಾಗ ಇವತ್ತಿಗೂ ನನ್ನ ಕುತ್ತಿಗೆ ಒಂದು ಗೇಣು ಉದ್ದವಾಗುತ್ತದೆ.

ಅದು ಬಂದದ್ದು ಹೀಗೆ. ಅಪ್ಪ ಯಂತ್ರದ ಮುಳ್ಳು ತರಲು ಹೊಸಪೇಟೆಗೆ ಹೋದಾಗ, ಹಂಪಿ ನೋಡಲು ಬಂದಿದ್ದ ಉದ್ದ ಕೂದಲಿನ ಬಿಳಿಯನೊಬ್ಬ ಕೆಟ್ಟ ರೇಡಿಯೋ ಹಿಡಿದುಕೊಂಡು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದನಂತೆ. ಅಪ್ಪ ಕಡಿದುಹೋಗಿದ್ದ ತಂತಿ ಕೂಡಿಸಿ ಕೊಟ್ಟ. ಅವನು ಖುಷಿಯಾಗಿ ಚೀಲದಿಂದ ಆ ಪ್ಲೇಟು ತೆಗೆದು ಕೊಟ್ಟು, ನಾಲ್ಕು ಬೆರಳು ತೋರಿಸಿ, ಎದೆ ಮುಟ್ಟಿಕೊಂಡ. ನಾಲ್ಕು ಮಂದಿ ಹಾಡುತ್ತಾರೆ, ಅದೂ ಎದೆಯಿಂದ ಎಂದು ಅಪ್ಪ ಅರ್ಥ ಮಾಡಿಕೊಂಡ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ಅದಕ್ಕೇ ತಕರಾರಿಲ್ಲದೆ ವ್ಯವಹಾರ ಮುಗಿಯಿತು.

ನಮ್ಮ ಯಂತ್ರದ ವೇಗ ಬದಲಿಸುವ ಸನ್ನೆ ಎರಡೇ ಕಡೆ ನಿಲ್ಲುತ್ತಿತ್ತು, ಒಂದು ಬಹಳ ಜೋರು, ಇನ್ನೊಂದು ಬಹಳ ನಿಧಾನ. ನಡುವಿನ ಹಲ್ಲು ಯಾವಾಗಲೋ ಮುರಿದಿತ್ತು. ಸಿನಿಮಾದ ದೊಡ್ಡ ಪ್ಲೇಟುಗಳೆಲ್ಲ ಜೋರಿನವು, ಅವಕ್ಕೇನೂ ತೊಂದರೆಯಿಲ್ಲ. ಇಂಗ್ಲಿಷ್ ಪ್ಲೇಟನ್ನು ಜೋರಿಗೆ ಹಚ್ಚಿದರೆ ಇಲಿ ಕಿಚಗುಟ್ಟಿದಂತೆ ಕೇಳುತ್ತಿತ್ತು. ನಿಧಾನಕ್ಕೆ ಹಚ್ಚಿದರೆ ದಪ್ಪ, ಆಳದ ದನಿ ತೂಗುತ್ತಾ ಬರುತ್ತಿತ್ತು. “ನೋಡು, ಎದಿಯಿಂದ ಅಂತ ಹೇಳಿದ್ನಲ್ಲ” ಎಂದು ಅಪ್ಪ ನಮ್ಮವ್ವನಿಗೆ ತೋರಿಸಿದ. ಅಂದಿನಿಂದ ಅದು ನಮ್ಮ ಮನೆಯಲ್ಲಿ ನಿಧಾನಕ್ಕೇ ಓಡಿತು.

ಮದುವೆ ಮನೆಗಳಲ್ಲಿ ಜನ ನಗುತ್ತಿದ್ದರು. “ಕೊಟ್ರಪ್ಪ, ಯಾರಿಗೋ ಹೊಟ್ಟಿನೋವು ಬಂದೈತಿ ನೋಡಪ್ಪ” ಎಂದು ಕೂಗುವವರು ಯಾವ ಊರಲ್ಲೂ ಒಬ್ಬರಿದ್ದೇ ಇರುತ್ತಿದ್ದರು. ಅಪ್ಪ ಅದಕ್ಕೆಲ್ಲ ಬಗ್ಗಿದವನಲ್ಲ. ಅವನಿಗೆ ಬೇಕಿದ್ದದ್ದು ಒಬ್ಬರ ಮಾತು ಮಾತ್ರ, ನಮ್ಮ ಓಣಿಯ ಪೇಟಿ ಮಾಸ್ತರದ್ದು.

ಪೇಟಿ ಮಾಸ್ತರು ಎಂದರೆ ಹಳ್ಳಿ ಹಳ್ಳಿಗೆ ಹೋಗಿ, ತಿಂಗಳುಗಟ್ಟಲೆ ಉಳಿದು, ಒಕ್ಕಲುಮಕ್ಕಳಿಗೆ ನಾಟಕ ಕಲಿಸುವವರು. ಹಾರ್ಮೋನಿಯಂ ಅವರದ್ದೇ, ಹಾಡು ಕಟ್ಟುವುದೂ ಅವರೇ. ನಾಟಕದ ಕೈಬರಹದ ಪುಸ್ತಕದಲ್ಲಿ ಪ್ರತಿ ಹಾಡಿನ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ‘ಮಟ್ಟು’ ಎಂದು ಬರೆದು, ಅದನ್ನು ಯಾವ ಹಾಡಿನ ದಾರಿಯಲ್ಲಿ ಹಾಡಬೇಕು ಎಂದು ಸೂಚಿಸುವುದು ಅವರ ಪದ್ಧತಿ. ಹಾಡು ಸಂಗೀತದಲ್ಲಿ ಅವರು ಆಡಿದ್ದೇ ನಮ್ಮೂರಿನ ತೀರ್ಪು.

ಸೋಮವಾರ ಸಂಜೆ ನಮ್ಮ ಮನೆಗೆ ಚಹಾಕ್ಕೆ ಬಂದ ಮಾಸ್ತರು ತಾವಾಗಿಯೇ ಹೇಳುತ್ತಿದ್ದರು: “ಹಚ್ಚಲೇ ಕೊಟ್ರಾ, ನಿನ್ನ ಕ್ವಾಣದ ಪ್ಲೇಟು.” ಕಣ್ಣು ಮುಚ್ಚಿ ಪೂರ್ತಿ ಕೇಳುತ್ತಿದ್ದರು. ಮುಗಿದ ಮೇಲೆ, “ಇದು ಹಾಡಲ್ಲಲೇ. ಬಾವಿ ಗಿರಕಿಗೆ ಎಣ್ಣಿ ಇಲ್ಲದ ಸದ್ದು.”

“ಇನ್ನೊಮ್ಮಿ ಕೇಳ್ರಿ ಮಾಸ್ತರ್ರ” ಎನ್ನುತ್ತಿದ್ದ ಅಪ್ಪ. ಮಾಸ್ತರು ಇನ್ನೊಮ್ಮೆ ಕೇಳಿ ಇನ್ನೊಮ್ಮೆ ಬೈಯುತ್ತಿದ್ದರು. ಅವ್ವ ಒಳಗಿನಿಂದ, “ಬೈಯಾಕ ಇಷ್ಟು ಸಲ ಕೇಳಬೇಕೇನ್ರಿ?” ಎಂದರೆ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ನಾನು ಕಂಬಕ್ಕೆ ಒರಗಿ ಕೂತು ಅವರ ಕೈ ನೋಡುತ್ತಿದ್ದೆ. ಪ್ಲೇಟು ತಿರುಗುತ್ತಿರುವಷ್ಟು ಹೊತ್ತು ಅವರ ಬೆರಳುಗಳು ಮೊಣಕಾಲ ಮೇಲೆ ಆಡುತ್ತಿದ್ದವು. ಮಾಸ್ತರಿಗೆ ಮೊಣಕಾಲು ನೋವಿದೆ, ಒತ್ತಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ನನ್ನ ಜಾಣತನ ಅಂದಿನಿಂದಲೂ ಇಷ್ಟೇ.

ಮುಂದೆ ಆ ಪ್ಲೇಟು ಹಡಗಲಿಯ ಬಿಸಿಲಿಗೆ ಸೊಟ್ಟಗಾಯಿತು. ಮಾಸ್ತರು ತೀರಿಕೊಂಡರು. ಅಪ್ಪ ಹಾಸಿಗೆ ಹಿಡಿದಾಗ ಒಂದು ದಿನ, “ಊರೆಲ್ಲ ನಕ್ಕಿದ್ದಕ್ಕ ನನಗೇನೂ ಇಲ್ಲವ್ವ. ಮಾಸ್ತರು ಒಮ್ಮೆರ ಚಲೋ ಐತಿ ಅಂದಿದ್ರ ಸಾಕಿತ್ತು” ಎಂದ. ನಾನು ಇನ್ನೊಂದು ಚಮಚ ಗಂಜಿ ಕುಡಿಸಿದೆ. ಆ ಮಾತು ನನ್ನೊಳಗೆ ಅಂದಿನಿಂದ ಹಾಗೆಯೇ ಕೂತಿದೆ.

ಇದನ್ನೆಲ್ಲ ಮಗಳು ಅಳಿಯನಿಗೆ ಹೇಳಿದೆ. ಅಳಿಯ ಬಹಳ ಮೃದುವಾಗಿ, “ಅತ್ತಿ, ಫೋನ್ ಕೆಟ್ಟಿಲ್ಲ. ಸಣ್ಣ ಪ್ಲೇಟಿಗೆ ಆ ನಡುವಿನ ಹಲ್ಲ ಬೇಕಾಗಿತ್ತು. ಅಜ್ಜಾರು ಹಾಡನ್ನ ನಿಧಾನಕ್ಕ ಓಡಿಸ್ಯಾರ. ಅವರ ದನಿ ಅಷ್ಟು ದಪ್ಪನೂ ಅಲ್ಲ” ಎಂದರು. ಸುಮಾಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ಆದರೆ ಮಿರ್ಚಿ ಕರಿಯುವಾಗ ಕಣ್ಣಲ್ಲಿ ನೀರು ಬಂತು, ಹೊಗೆಯಿಂದ ಎಂದು ಹೇಳಿದೆ. ಅಪ್ಪ ಜೀವನವಿಡೀ ವಾದಿಸಿದ್ದು ಆ ಹುಡುಗರು ಹಾಡದೇ ಇದ್ದ ಹಾಡಿಗಾಗಿ. ಮಾಸ್ತರು ಬೈದದ್ದೇ ಸರಿ ಇತ್ತೇನೋ. ಸಿಟ್ಟು ಬಂತು, ಮುರಿದ ಹಲ್ಲಿನ ಮೇಲೆ, ಅಪ್ಪನ ಮೇಲೆ, ಲೋಕವೆಲ್ಲ ತಿಳಿದ ಅಳಿಯನ ಮೇಲೆ.

ಅದಾಗಿ ನಾಲ್ಕು ದಿನಕ್ಕೆ ಹಲವಾಗಲಿಗೆ ಹೋಗಬೇಕಾಯಿತು, ನಾದಿನಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ತೊಟ್ಟಿಲು ಸಿಂಗಾರವಾಗಿತ್ತು. ಕೂಸನ್ನು ಮಲಗಿಸಿದ ಮೇಲೆ ಪಕ್ಕದ ಮನೆಯ ಹಾಲಮ್ಮ ಎಂಬ ಮುದುಕಿ ತೊಟ್ಟಿಲ ಹಗ್ಗ ಹಿಡಿದು ಶುರು ಮಾಡಿದಳು:

“ಹೊಳಿದಂಡಿ ಗಾಳೆವ್ವ ಮೆಲ್ಲಕ ಬಾರ,
ಮಲಗ್ಯಾಳ ನನ ಕೂಸು ಸಪ್ಪಳ ಬ್ಯಾಡ...”

ಉಳಿದ ಹೆಂಗಸರು ದನಿಗೂಡಿಸಿದರು. ನನ್ನ ಕೈಯ ಅಕ್ಷತೆ ಕೈಯಲ್ಲೇ ಉಳಿಯಿತು. ಅದೇ ಏರು, ಅದೇ ಇಳಿವು, ಎರಡನೇ ಸಾಲಿನ ಕೊನೆಯ ಅದೇ ತೂಗು. ನಮ್ಮ ನಡುಮನೆಯಲ್ಲಿ ಸೋಮವಾರ ಸಂಜೆ ಓಡುತ್ತಿದ್ದಷ್ಟೇ ನಿಧಾನ. ಇಂಗ್ಲಿಷ್ ಪ್ಲೇಟನ್ನು ಆ ವೇಗದಲ್ಲಿ ಕೇಳಿ ಬೆಳೆದವಳು ಈ ಭೂಮಿಯ ಮೇಲೆ ನಾನೊಬ್ಬಳೇ. ಹೀಗಾಗಿ ಗುರುತು ಹಿಡಿಯುವುದೂ ನನಗೊಬ್ಬಳಿಗೇ ಸಾಧ್ಯವಿತ್ತು.

“ಈ ಹಾಡು ಎಲ್ಲೀದಬೇ ಹಾಲಮ್ಮ?” ಎಂದೆ.

“ನಮ್ಮೂರ ನಾಟಕದ್ದವ್ವ. ನಮ್ಮನಿಯವರು ರಾಣಿ ಪಾರ್ಟು ಮಾಡಿದ್ರು, ಮೀಸಿ ತಗ್ಸಿ. ಕೊಟ್ಟೂರಿಂದ ಪೇಟಿ ಮಾಸ್ತರು ಬಂದು ಕಲಿಸ್ಯಾರ. ಆವಾಗಿಂದ ಈ ಊರಾಗ ಯಾವ ಕೂಸು ಹುಟ್ಟಿದ್ರೂ ಇದನ್ನ ಹಾಡತೀವಿ.”

ನಾನು ಕಾಡಿದ್ದಕ್ಕೆ ಆಕೆ ಮನೆಗೆ ಹೋಗಿ ಟ್ರಂಕಿನಿಂದ ನಾಟಕದ ಪುಸ್ತಕ ತಂದಳು. ಅರಿಶಿನ ಬಣ್ಣಕ್ಕೆ ತಿರುಗಿದ ಹಾಳೆ, ಮಾಸ್ತರ ಗುಂಡು ಅಕ್ಷರ. ಹಾಡಿನ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಹೀಗಿತ್ತು:

ಮಟ್ಟು: ಕೊಟ್ಟೂರು ಮೈಕ್ ಕೊಟ್ರಪ್ಪನ ಹಾಡು. ಬಹಳ ಚಲೋ ಐತಿ. ನಿಧಾನ ಹಾಡಬೇಕು, ಅವಸರ ಮಾಡಿದರೆ ಕೆಡುತ್ತದೆ.

ಮೂರು ಸಲ ಓದಿದೆ. ನಾಲ್ಕನೇ ಸಲಕ್ಕೆ ಅಕ್ಷರ ಮಸುಕಾದವು. ಹಾಲಮ್ಮ, “ಯಾಕವ್ವ, ಕೊಟ್ರಪ್ಪ ನಿಮಗೇನಾಗಬೇಕು?” ಎಂದಳು. ನಮ್ಮಪ್ಪ ಎಂದೆ. ಆಮೇಲೆ ಆ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆ ಕೂಸಿನ ಅಜ್ಜಿಗೂ ಸಿಗಲಿಲ್ಲ. ಹೋಳಿಗೆಯ ಮೇಲೆ ಎರಡು ಸಲ ತುಪ್ಪ ಬಿತ್ತು. ನಾನು ಬೇಡ ಅನ್ನಲಿಲ್ಲ.

ಊರಿಗೆ ಬಂದವಳೇ ಅಳಿಯನ ಮುಂದೆ ಕೂತೆ. ಪುಸ್ತಕದ ಹಾಳೆಯ ಫೋಟೋ ಫೋನಿನಲ್ಲಿ ತೆಗೆದುಕೊಂಡು ಬಂದಿದ್ದೆ, ತೋರಿಸಿದೆ. ಆಮೇಲೆ, “ನಿಮ್ಮ ಫೋನಿನ್ಯಾಗ ಹಾಡು ನಿಧಾನ ಮಾಡಾಕ ಬರತೈತೇನ್ರಿ?” ಎಂದು ಕೇಳಿದೆ. ಬರುತ್ತದಂತೆ. ಅವರು ಮುಕ್ಕಾಲು ವೇಗಕ್ಕೆ ಇಳಿಸಿದರು. ದನಿ ದಪ್ಪವಾಗಲಿಲ್ಲ, ಆದರೆ ನಡಿಗೆ ಅದೇ. ನಾನು ಅದರ ಮೇಲೆ ಹೊಳೆದಂಡೆ ಗಾಳೆವ್ವನನ್ನು ಹಾಡಿದೆ. ನನ್ನ ದನಿಗೆ ಹಾಲು ಒಡೆಯುತ್ತದೆ ಎಂದು ಮನೆಯಲ್ಲಿ ಪ್ರತೀತಿ ಇದೆ, ಆದರೂ ಪೂರ್ತಿ ಹಾಡಿದೆ.

“ಅತ್ತಿ, ಹಾಡು ಇಂಗ್ಲೆಂಡಿನವರದು ಅಂತ ಹಲವಾಗಲಾಗ ಹೇಳಿ ಬಂದ್ರೇನು?” ಎಂದರು ಅಳಿಯ.

ಹೇಳಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ನಾಲ್ವರ ಬಗ್ಗೆ ಪಾಪ ಎನಿಸಿತ್ತು. ಆದರೆ ಅವರ ಪರವಾಗಿ ಜಗಳವಾಡಲು ಲೋಕದ ತುಂಬ ಜನರಿದ್ದಾರೆ, ನನ್ನ ಮನೆಯಲ್ಲೇ ಒಬ್ಬಳಿದ್ದಾಳೆ.

“ಮಾಸ್ತರು ಕೆಂಪು ಶಾಯಿಯಾಗ ಬರದಾರ” ಎಂದೆ. “ಅದನ್ನ ತಿದ್ದಾಕ ನಾನ್ಯಾರ್ರಿ?”

ಏನೋ ವಾದ ಹೂಡಲು ಹೊರಟಿದ್ದ ಅಳಿಯ ಫೋನನ್ನು ಸುಮಾಳ ಕಡೆ ಸರಿಸಿದರು. “ಇನ್ನೊಮ್ಮಿ ಹಚ್ಚು” ಎಂದರು. ಹಾಡು ಮತ್ತೆ ನಿಧಾನಕ್ಕೆ ಶುರುವಾಯಿತು. ನಾನು ಹಾಡಿನ ಕಡೆ ಗಮನ ಕೊಡದೆ ಅವರ ಕೈಯನ್ನೇ ನೋಡುತ್ತಾ ಕೂತೆ. ಎರಡನೇ ಸಾಲಿಗೆ ಅವರ ಬೆರಳು ಮೊಣಕಾಲ ಮೇಲೆ ಆಡತೊಡಗಿತು.