ಎಂಟೇ ಗುಂಪು ಎಂದುಕೊಂಡಿದ್ದೆ

ಇವತ್ತು ಬೆಳಿಗ್ಗೆ ಮುಲುಂಡಿನ ನಮ್ಮ ಫ್ಲ್ಯಾಟುಗಳ ಸೊಸೈಟಿಯಲ್ಲಿ ರಕ್ತದಾನದ ಶಿಬಿರ. ಲಿಫ್ಟಿನಿಂದ ಇಳಿಯುತ್ತಲೇ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ಆ ವಾಸನೆಗೆ ಆಸ್ಪತ್ರೆ ನೆನಪಾದೀತು. ನನಗೆ ನೆನಪಾದದ್ದು ಫೋರ್ಟಿನ ನಮ್ಮ ಹಳೆಯ ಆಫೀಸು, ಅಲ್ಲಿದ್ದ ಶಾಂತಕ್ಕ.

ನಗರದ ಕೆಲವು ರಕ್ತನಿಧಿಗಳ ಕಂಪ್ಯೂಟರುಗಳು ಒಂದಕ್ಕೊಂದು ಸಂದೇಶ ಕಳಿಸುವಂಥ ಪ್ರೋಗ್ರಾಮನ್ನು ನಾವು ಬರೆಯುತ್ತಿದ್ದೆವು. ಯಾರ ಬಳಿ ಯಾವ ರಕ್ತ ಇದೆ ಎಂದು ಕೇಳುವುದು, ಹೇಳುವುದು, ಅಷ್ಟೇ. ಶಾಂತಕ್ಕ ಧಾರವಾಡದ ಕಡೆಯವರು. ಬಹಳ ವರ್ಷ ರಕ್ತನಿಧಿಯ ಲ್ಯಾಬಿನಲ್ಲಿ ದುಡಿದು, ಆಮೇಲೆ ನಮ್ಮಲ್ಲಿಗೆ ಪ್ರೋಗ್ರಾಮು ಪರೀಕ್ಷಿಸಲು ಬಂದಿದ್ದರು. ನಾನು ಮೈಸೂರಿನವಳು. ಕೆಲಸಕ್ಕೆ ಹೊಸಬಳು, ಹಾಗೆಂದು ಒಪ್ಪಿಕೊಳ್ಳುವ ಬುದ್ಧಿ ಮಾತ್ರ ಇರಲಿಲ್ಲ.

ರಕ್ತದ ಗುಂಪಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆಯಬಹುದೆಂದು ಮೊದಲು ಬಿಟ್ಟಿದ್ದೆ. ಪರೀಕ್ಷೆಯ ವಾರ ಒಬ್ಬರು ಮೊಬೈಲಿನಿಂದ ‘ಓ’ ಪಕ್ಕ ಮೈನಸ್ಸಿನ ಚಿಕ್ಕ ಗೆರೆ ಹಾಕಿ ಕಳಿಸಿದರು. ಫೋನು ಆ ಚಿಕ್ಕ ಗೆರೆಯನ್ನು ತಾನಾಗಿಯೇ ಉದ್ದ ಮಾಡಿತು. ನನ್ನ ಪ್ರೋಗ್ರಾಮಿಗೆ ಚಿಕ್ಕ ಗೆರೆ ಮಾತ್ರ ಗೊತ್ತು. ಅದು ಕಾಣದೆ ಹೋದದ್ದಕ್ಕೆ ನೆಗೆಟಿವ್ ರಕ್ತವನ್ನು ಪಾಸಿಟಿವ್ ಮಾಡಿ ಕಳಿಸಿತು. ಪುಣ್ಯಕ್ಕೆ ಅದಿನ್ನೂ ಪರೀಕ್ಷೆ.

ಅವತ್ತೇ ಕೂತು ನಮ್ಮದೇ ಒಂದು ಟೈಪ್ ಕಟ್ಟಿದೆ. ಟೈಪ್ ಎಂದರೆ ಇನ್ನೇನಲ್ಲ, ಈ ಮಾಹಿತಿ ಇಂತಿಷ್ಟು ಬಗೆಯಲ್ಲಿ ಮಾತ್ರ ಇರಬಹುದು ಎಂದು ಕಂಪ್ಯೂಟರಿಗೆ ಮೊದಲೇ ಹೇಳಿಡುವುದು. ಎ, ಬಿ, ಎಬಿ, ಓ. ಒಂದೊಂದಕ್ಕೂ ಪಾಸಿಟಿವ್, ನೆಗೆಟಿವ್. ಒಟ್ಟು ಎಂಟು. ಬೇರೇನಾದರೂ ಬಂದರೆ ಬಾಗಿಲಲ್ಲೇ ವಾಪಸು. ಬೀಗುತ್ತಾ ಶಾಂತಕ್ಕನಿಗೆ ತೋರಿಸಿದೆ.

“ಭಾಳ ಛಲೋ ಆಗೇದ,” ಎಂದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, “ಆದ್ರ ನನ್ನ ಎಲ್ಲೆ ಕೂಡಸ್ತಿ?”

“ನಿಮ್ಮದು ಯಾವ ಗ್ರೂಪು, ಅಕ್ಕಾ?”

“ಬಾಂಬೆ.”

ನಾವಿರುವ ಊರಿನ ಹೆಸರು ಹೇಳಿ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕುಬಿಟ್ಟೆ. ಅವರು ನಗಲಿಲ್ಲ.

“ಹೆಸರೇ ಹಂಗದವಾ. ಇದೇ ಊರಾಗ ಮೊದಲು ಸಿಕ್ಕಿದ್ದು. ಸಾದಾ ಟೆಸ್ಟಿನಾಗ ಓ ಅಂತ ತೋರಸ್ತದ. ಆದ್ರ ಓ ರಕ್ತ ಕೊಟ್ರ ನನ್ನ ಜೀವಕ್ಕ ಕುತ್ತು. ನಿನ್ನ ಎಂಟರಾಗ ನಂದು ಎಲ್ಲದ, ತೋರ್ಸು ನೋಡೋಣ.”

ಹೆಸರಿನ ಹಿಂದೆ ಒಂದು ಇನಿಷಿಯಲ್ ಬಿಟ್ಟರೆ ಬೇರೇನೂ ಇಲ್ಲದ ನಾನು, ಈ ಊರಿನ ಪ್ರತಿ ಫಾರ್ಮಿನಲ್ಲೂ ‘ಸರ್‌ನೇಮ್’ ಎಂಬ ಖಾಲಿ ಜಾಗ ಕಂಡು ಗೊಣಗಿದವಳು. ಈಗ ಪಕ್ಕದಲ್ಲಿ ಕೂತವರಿಗೇ ಜಾಗವಿಲ್ಲದ ಪಟ್ಟಿ ಮಾಡಿಟ್ಟಿದ್ದೆ. ಅಲ್ಲೇ ಕೂತು ಇನ್ನೆರಡು ಸೇರಿಸಿದೆ, ಬಾಂಬೆಯಲ್ಲೂ ಪಾಸಿಟಿವ್, ನೆಗೆಟಿವ್ ಇರುತ್ತವೆ.

ಕೆಲವು ತಿಂಗಳ ಮೇಲೆ ಗ್ರಾಂಟ್ ರೋಡಿನ ಕಡೆಯ ಆಸ್ಪತ್ರೆಯೊಂದರಿಂದ ಬೇಡಿಕೆ ಬಂತು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿತ್ತು. ಬಾಂಬೆ ಪಾಸಿಟಿವ್. ಒಂದಾದ ಮೇಲೊಂದು ರಕ್ತನಿಧಿ ‘ಇಲ್ಲ’ ಎನ್ನುತ್ತಿದ್ದುದನ್ನು ಶಾಂತಕ್ಕ ನನ್ನ ಹೆಗಲ ಮೇಲಿಂದ ನೋಡುತ್ತಾ ನಿಂತಿದ್ದರು. “ಊಟ ಆಗೇದ ನಂದು, ರಕ್ತ ಕೊಡಲಿಕ್ಕೆ ಅಡ್ಡಿ ಇಲ್ಲ. ಹೋಗಿ ಬರ್ತೇನವಾ,” ಎಂದು ಪರ್ಸು ಎತ್ತಿಕೊಂಡು ಹೊರಟೇಬಿಟ್ಟರು. ಮರುದಿನ ಬಂದವರು ಹೇಳಿದ್ದು ಇಷ್ಟೇ: “ಹೆಣ್ಣುಕೂಸು. ತಾಯಿ ಕಣ್ಣು ಬಿಟ್ಟಾಳ.”

ಇವತ್ತು ಶಿಬಿರದ ಮೇಜಿನ ಹಿಂದೆ ಕೂತಿದ್ದ ಹುಡುಗಿ, “ಆಂಟಿ, ಬ್ಲಡ್ ಗ್ರೂಪ್?” ಎಂದು ಕೇಳಿದಳು.

“ಓ ಪಾಸಿಟಿವ್,” ಎಂದೆ. ಅವಳು ಬರೆದುಕೊಳ್ಳುವ ಮುಂಚೆ, “ಓ ಅಂತ ಕಾರ್ಡಲ್ಲಿದೆ ಅಷ್ಟೇ ಕಣಮ್ಮಾ,” ಎಂದು ತೋಳು ಚಾಚಿದೆ. “ಲ್ಯಾಬಿನಲ್ಲಿ ಸರಿಯಾಗಿ ನೋಡೋಕೆ ಹೇಳು.”