ಕೆಟ್ಟ ಗಾಳಿ ತೆಗೆಯುವ ಯಂತ್ರ

ವೋಲ್ಟೇಜು ಏರಿ ಯಂತ್ರ ಸುಟ್ಟುಹೋಗಬಹುದಿತ್ತು. ಹೋಗುವಾಗ ತಾನೊಂದೇ ಹೋಗದೆ ಟೀವಿಯನ್ನೂ ಜೊತೆಗೆ ಕರೆದೊಯ್ಯಬಹುದಿತ್ತು. ಅದರ ವಯರು ಕಾಲಿಗೆ ತೊಡರಿ ಅವ್ವನ ಸೊಂಟ ಮುರಿಯಬಹುದಿತ್ತು. ಮಗಳು ಅದರ ಜಾಲರಿಯೊಳಗೆ ಪೆನ್ಸಿಲ್ ತೂರಿಸಬಹುದಿತ್ತು, ಪೆನ್ಸಿಲ್ಲಿನ ಹಿಂದೆ ಬೆರಳೂ ಹೋಗಬಹುದಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿದ ಮೇಲೆ ಒಳಗಿನ ಗಾಳಿ ನಾಲ್ಕು ಜನಕ್ಕೆ ಸಾಲದೆ ಹೋಗಬಹುದಿತ್ತು. ಅಡುಗೆಮನೆಯ ಸಿಲಿಂಡರ್ ಸೋರಿದರೆ ಆ ವಾಸನೆಯನ್ನೂ ಯಂತ್ರವೇ ಕುಡಿದುಬಿಟ್ಟು ನಮಗೆ ಸುಳಿವೇ ಸಿಗದಿರಬಹುದಿತ್ತು. ಅದರ ಬೆನ್ನ ಮೇಲೆ ಚೀನೀ ಅಕ್ಷರಗಳಲ್ಲಿದ್ದ ಎಂಟು ಸಾಲುಗಳು 'ಮಕ್ಕಳಿರುವ ಕೋಣೆಯಲ್ಲಿ ಇಡಬಾರದು' ಎಂದು ಹೇಳುತ್ತಿರಬಹುದಿತ್ತು. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಇನ್ನೊಂದು: ಮಗಳ ಶ್ವಾಸಕೋಶ ಶುದ್ಧ ಗಾಳಿಗೆ ಎಷ್ಟು ಒಗ್ಗಿಹೋಗಬಹುದಿತ್ತೆಂದರೆ, ಹೊಸಪೇಟೆಯ ಬೀದಿಗೆ ಕಾಲಿಟ್ಟ ಕೂಡಲೇ ಆಕೆ ತಲೆ ತಿರುಗಿ ಬೀಳಬಹುದಿತ್ತು.

ಇವನ್ನೆಲ್ಲ ನಾನು ಹೆಂಡತಿಗೆ ಒಂದೊಂದಾಗಿ ವಿವರಿಸಿದೆ. ಆಕೆ ಸಮಾಧಾನದಿಂದ ಕೇಳಿ, "ಮೊದ್ಲು ಸ್ವಿಚ್ ಹಾಕ್ರಿ. ಆಮ್ಯಾಲ ಎಲ್ಲಾರೂ ಕೂಡಿ ಸಾಯೋಣಂತ" ಎಂದಳು.

ಅದಿರಿನ ಲಾರಿಗಳ ಸಾಲು ಕಡಿಯದೆ ಓಡುತ್ತಿದ್ದ ವರ್ಷಗಳವು. ನಮ್ಮ ಬಾಡಿಗೆ ಮನೆ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಗೆ ಮುಖ ಮಾಡಿಕೊಂಡಿತ್ತು. ಬಿಳಿ ಎನ್ನುವ ಬಣ್ಣವನ್ನು ನಾವು ಆಗಲೇ ಕೈಬಿಟ್ಟಿದ್ದೆವು. ಮೊಸರಿನ ಮೇಲೆ ಕೆನೆಗಿಂತ ಮೊದಲು ಧೂಳು ಕಟ್ಟುತ್ತಿತ್ತು. ಬೆಳಿಗ್ಗೆ ಒರೆಸಿದ ನೆಲದ ಮೇಲೆ ಮಧ್ಯಾಹ್ನ ಬೆಕ್ಕು ಎಲ್ಲಿಂದ ಬಂದು ಎಲ್ಲಿಗೆ ಹೋಯಿತು ಎಂಬುದನ್ನು ಹೆಜ್ಜೆ ನೋಡಿ ಹೇಳಬಹುದಿತ್ತು. ಇದರ ಬಗ್ಗೆ ದೂರುವ ಹಕ್ಕು ನನಗಿರಲಿಲ್ಲ. ಸಂಡೂರಿನ ಕಡೆ, ಅದಿರು ಸಾಗಿಸುವವರೊಬ್ಬರ ಬಳಿ ನಾನು ಗುಮಾಸ್ತ. ಕಾಟಾದ ಮೇಲೆ, ಅಂದರೆ ಲಾರಿ ತೂಗುವ ಕಬ್ಬಿಣದ ಹಾಸಿನ ಮೇಲೆ, ಲಾರಿ ಹತ್ತಿಸಿ ಇಳಿಸಿ, ತೂಕ ನೋಡಿ ಚೀಟಿ ಬರೆಯುವುದು ನನ್ನ ಕೆಲಸ. ಮನೆ ಮುಂದೆ ಹಾದುಹೋಗುವ ಧೂಳಿನಲ್ಲಿ ಒಂದಷ್ಟು ಭಾಗ ನನ್ನ ಕೈಯಿಂದಲೇ ಚೀಟಿ ಪಡೆದು ಬಂದದ್ದು.

ಮಗಳಿಗೆ ಆಗ ಎಂಟು ವರ್ಷ. ಆ ಚಳಿಗಾಲದಲ್ಲಿ ಆಕೆಯ ಎದೆಯೊಳಗೆ ಬೆಕ್ಕು ಮಲಗಿ ಗುರುಗುಟ್ಟಿದಂಥ ಸದ್ದು ಶುರುವಾಯಿತು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಉಬ್ಬಸಕ್ಕ ಔಷಧ ಬರ್ದು ಕೊಡ್ತೀನ್ರಿ. ಧೂಳಿಗೆ ಮಾತ್ರ ನನ್ನ ಹತ್ರ ಔಷಧ ಇಲ್ಲ" ಎಂದರು. ಶುದ್ಧ ಗಾಳಿ ಕುಡಿಸೋಣವೆಂದು ಭಾನುವಾರ ಆಕೆಯನ್ನು ಬೈಕಿನ ಮುಂದೆ ಕೂರಿಸಿಕೊಂಡು ಹಂಪಿಗೆ ಹೋದೆ. ದಾರಿಯುದ್ದಕ್ಕೂ ಒಂದು ಜಲ್ಲಿ ಲಾರಿ ನಮಗೆ ಮುಂದಾಳಾಗಿತ್ತು. ಹಂಪಿಯಲ್ಲಿ ಒಂದು ಗಂಟೆ ಕುಡಿದ ಗಾಳಿಯನ್ನು ಕಮಲಾಪುರ ದಾಟುವಷ್ಟರಲ್ಲಿ ಕೆಮ್ಮಿ ಹೊರಹಾಕಿದಳು.

ಹೆಂಡತಿ ತೀರ್ಮಾನ ಹೇಳಿಬಿಟ್ಟಳು. ಜೂನಿನೊಳಗೆ ಉಬ್ಬಸ ಕಡಿಮೆಯಾಗದಿದ್ದರೆ ಮಗಳನ್ನು ಕಂಪ್ಲಿಗೆ, ತನ್ನ ತಾಯಿಯ ಮನೆಗೆ ಕಳಿಸುವುದು. ಶಾಲೆಯೂ ಅಲ್ಲೇ.

"ಕಂಪ್ಲ್ಯಾಗ ಧೂಳಿಲ್ಲೇನು?" ಎಂದೆ. "ನಿಮ್ಮವ್ವನ ಮನಿ ಮಗ್ಗಲಿಗೇ ರೈಸ್ ಮಿಲ್ ಐತಿ. ದಿನಾ ಹೊಟ್ಟು ಹಾರತೈತಿ."

"ಅದು ಅನ್ನದ ಧೂಳ್ರಿ. ಇದು ಕಬ್ಬಿಣದ್ದು."

ಆಗಬಹುದಾದದ್ದನ್ನೆಲ್ಲ ಮೊದಲೇ ಯೋಚಿಸಿ ಸುಸ್ತಾಗುವವನು ನಾನು. ಆದರೆ ಮಗಳಿಲ್ಲದ ಮನೆಗೆ ಸಂಜೆ ಬಂದು ಚಪ್ಪಲಿ ಬಿಡುವುದನ್ನು ಮಾತ್ರ ಯೋಚಿಸಲು ಹೋದರೆ, ಯೋಚನೆ ಹೊಸ್ತಿಲಲ್ಲೇ ನಿಂತುಬಿಡುತ್ತಿತ್ತು.

ಆಗ ನನ್ನ ಕಣ್ಣು ಬಿದ್ದದ್ದು ಸಾಹುಕಾರರ ಕೋಣೆಯ ಯಂತ್ರದ ಮೇಲೆ. ಅವರ ಕೋಣೆಗೆ ಏಸಿ ಇತ್ತು, ಏಸಿಯ ಕೆಳಗೆ ಗಾಳಿ ಶುದ್ಧ ಮಾಡುವ ಮೊಣಕಾಲೆತ್ತರದ ಡಬ್ಬವಿತ್ತು. ಹೊರಗೆ ಕಾಟಾದಲ್ಲಿ ನಾವು ಎದುರಿಗೆ ನಿಂತವನ ಮುಖ ಕಾಣದೆ ದನಿ ಕೇಳಿ ಗುರುತು ಹಿಡಿಯುತ್ತಿದ್ದಾಗ, ಒಳಗೆ ಸಾಹುಕಾರರು ಹಿಮಾಲಯದ ಮೇಲೆ ಕೂತವರ ಹಾಗೆ ಉಸಿರಾಡುತ್ತಿದ್ದರು. ಡಬ್ಬ ಚೀನಾದಿಂದ ಬಂದದ್ದು. ನಮ್ಮ ಮಣ್ಣು ಹಡಗು ಹತ್ತಿ ಅಲ್ಲಿಗೆ ಹೋಗುತ್ತಿತ್ತು, ಆ ಮಣ್ಣಿನ ಧೂಳು ಹೀರುವ ಯಂತ್ರ ಅಲ್ಲಿಂದ ಇಲ್ಲಿಗೆ ಬರುತ್ತಿತ್ತು. ವ್ಯವಹಾರ ಚೊಕ್ಕವಾಗಿತ್ತು. ಅವರಿಗೆ ಅದರ ಅಣ್ಣನಂಥ ಇನ್ನೊಂದು ಬಂದ ದಿನ ನಾನು ಮಗಳ ಕತೆ ಹೇಳಿದೆ. "ಹಳೇದು ಒಯ್ರಿ" ಎಂದರು. "ಮನಿಮಂದಿ ಆರೋಗ್ಯ ಮೊದ್ಲು ನೋಡ್ಕೋಬೇಕು. ಧೂಳು ಭಾಳ ಆಗೈತಿ ಈಗ." ಯಾರೋ ಬೇರೆಯವರು ಎಬ್ಬಿಸುತ್ತಿರುವ ಧೂಳಿನ ಬಗ್ಗೆ ಮಾತಾಡುವಂತಿತ್ತು ಅವರ ದನಿ. ನಾನೂ ಹಾಗೆಯೇ ತಲೆಯಾಡಿಸಿದೆ.

ಯಂತ್ರವನ್ನು ಮಗಳು ಓದುವ, ಮಲಗುವ ನಡುಮನೆಯಲ್ಲಿ ಇಟ್ಟೆವು. ಅದರ ನೆತ್ತಿಯ ಮೇಲೊಂದು ದೀಪ: ಗಾಳಿ ಚೆನ್ನಾಗಿದ್ದರೆ ಹಸಿರು, ಕೆಟ್ಟರೆ ಕೆಂಪು, ಮನಸ್ಸು ಮಾಡಲಾಗದಿದ್ದರೆ ಹಳದಿ. ಕೆಂಪಾದಾಗ ಜೋರಾಗಿ ಗುಂಯ್‌ಗುಡುತ್ತಿತ್ತು. ನಾನು ಒಂದು ನೋಟ್‌ಬುಕ್ಕು ಮಾಡಿ ಯಾವಾಗ ಯಾವ ಬಣ್ಣ ಎಂದು ಬರೆದಿಡತೊಡಗಿದೆ. ನಾನಿಲ್ಲದಾಗ ಬರೆಯುವ ಕೆಲಸ ಮಗಳದು. ಎರಡು ವಾರಕ್ಕೆ ಒಂದು ಸಂಗತಿ ಎದ್ದು ಕಂಡಿತು: ಹಗಲೆಲ್ಲ ಹಸಿರು, ಸಂಜೆ ಆರೂವರೆಗೆ ತಪ್ಪದೆ ಕೆಂಪು. ಆರೂವರೆಗೆ ಲಾರಿಗಳ ಪಾಳಿ ಬದಲಾಗುತ್ತದೆ, ಅದಕ್ಕೇ ಎಂದು ನಾನು ವ್ಯಾಖ್ಯಾನ ಬರೆದೆ. ಭಾನುವಾರ ಮಾತ್ರ ಸಂಜೆಯೂ ಹಸಿರಿತ್ತು. ಭಾನುವಾರ ಲಾರಿ ಕಡಿಮೆ ಎಂದು ಬರೆದೆ. "ಭಾನುವಾರ ಲಾರಿ ನಿಂತದ್ದು ನಾನು ನೋಡಿಲ್ಲಪ್ಪ" ಎಂದಳು ಹೆಂಡತಿ. ನಾನು ಆ ಮಾತನ್ನು ನೋಟ್‌ಬುಕ್ಕಿಗೆ ಸೇರಿಸಲಿಲ್ಲ. ಮಗಳ ಎದೆಯ ಬೆಕ್ಕು ಮಾತ್ರ ರಾತ್ರಿಯಾದರೆ ಗುರುಗುಡುತ್ತಲೇ ಇತ್ತು. ಏಪ್ರಿಲ್ ಬಂತು. ಅತ್ತೆ ಕಂಪ್ಲಿಯಲ್ಲಿ ಶಾಲೆಯ ಫಾರಂ ತಂದಿಟ್ಟುಕೊಂಡ ಸುದ್ದಿಯೂ ಬಂತು.

ಈ ನಡುವೆ ಅವ್ವ ನಲ್ಲಿಯ ಹತ್ತಿರ ನಾಲ್ಕು ಜನರ ಮುಂದೆ, "ನಮ್ಮ ಮನ್ಯಾಗ ಕೆಟ್ಟ ಗಾಳಿ ತೆಗಿಯೋ ಮಿಷನ್ ಬಂದೈತಿ" ಎಂದು ಹೇಳಿದಳು. ಅದರಲ್ಲಿ ಸುಳ್ಳೇನಿರಲಿಲ್ಲ. ಆದರೆ ನಮ್ಮ ಕಡೆ ಗಾಳಿ ಎಂದರೆ ಉಸಿರಾಡುವುದೂ ಹೌದು, ಮೂರು ದಾರಿ ಕೂಡುವಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮೈಗೆ ಹತ್ತಿಕೊಳ್ಳುವುದೂ ಹೌದು.

ಒಂದು ಭಾನುವಾರ ಮೊದಲು ಬಂದದ್ದು ಹಿಂದಿನ ಓಣಿಯ ಅಜ್ಜಿ, ಜೊತೆಗೆ ಸೊಸೆ. ಸೊಸೆಗೆ ಊಟ ಸೇರುತ್ತಿಲ್ಲ, ನಿಂತಲ್ಲೇ ನಿಂತಿರುತ್ತಾಳೆ, ಕರೆದರೆ ಓಗೊಡುವುದಿಲ್ಲ ಎಂಬುದು ದೂರು.

"ಯಾವ ದಿಕ್ಕಿಗೆ ಮುಖ ಮಾಡಿ ಕುಂದ್ರಬೇಕು?" ಎಂದು ಅಜ್ಜಿ ಕೇಳಿದಳು.

"ಇದು ಅಂಥಾದ್ದಲ್ಲ ಅಜ್ಜಿ, ಇದು ಬರೇ ಧೂಳು..." ಎಂದು ನಾನು ಶುರುಮಾಡಿದೆ.

"ನಿನಗ ಓದಾಕ ಬರತೈತೇನು ಅದರ ಮ್ಯಾಲೆ ಬರದಿದ್ದು?"

"ಇಲ್ಲ."

"ಮತ್ತ?"

ಸೊಸೆ ಅರ್ಧ ಗಂಟೆ ಯಂತ್ರದ ಮುಂದೆ ಕಣ್ಣು ಮುಚ್ಚಿ ಕೂತಳು. ಎದ್ದಾಗ ಮುಖ ಗೆಲುವಾಗಿತ್ತು. "ಭಾಳ ತಂಪ ಅನಿಸ್ತು ಅತ್ತೀ. ನಾಳೆನೂ ಬರೋಣು" ಎಂದಳು. ಹನ್ನೊಂದು ಜನರ ಮನೆಯಲ್ಲಿ ಆಕೆಗೆ ಅರ್ಧ ಗಂಟೆ ಸುಮ್ಮನೆ ಕೂರಲು ಸಿಕ್ಕಿದ್ದು ಬಹುಶಃ ಮದುವೆಯಾದ ಮೇಲೆ ಅದೇ ಮೊದಲು. ದಿನಾ ಸಂಜೆ ಬಂದು, ನಾನು ಮನೆ ಸೇರುವಷ್ಟರಲ್ಲಿ ಹೋಗತೊಡಗಿದರು. ಊದಿನಕಡ್ಡಿ, ಲೋಬಾನ ಹಚ್ಚಬಾರದೆಂಬ ಷರತ್ತನ್ನು ಹೆಂಡತಿ ಹಾಕಿದಳು. ಹೊಗೆ ಕಂಡರೆ ಯಂತ್ರ ಮುನಿಯುತ್ತದೆ ಎಂದಾಗ ಅಜ್ಜಿ ತಕ್ಷಣ ಒಪ್ಪಿದಳು.

ಒಂದು ಸಂಜೆ ಆರೂವರೆಗೆ, ಅವರಿನ್ನೂ ಕೂತಿದ್ದಾಗಲೇ, ನಾನು ಬೈಕು ನಿಲ್ಲಿಸಿ ಒಳಗೆ ಬಂದೆ. ಮಗಳು ಎಂದಿನಂತೆ ಓಡಿಬಂದು ನನ್ನ ಹೊಟ್ಟೆಗೆ ಮುಖ ಒತ್ತಿ ನಿಂತಳು. ನಾನು ಎಂದಿನಂತೆ ಕತ್ತಿಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಫಟ್ ಎಂದು ಜಾಡಿಸಿ ಗೂಟಕ್ಕೆ ಹಾಕಿದೆ. ಯಂತ್ರ ಗುಂಯ್ ಎಂದಿತು. ದೀಪ ಕೆಂಪಾಯಿತು.

ಅಜ್ಜಿ ಅವ್ವನ ಮೊಣಕೈ ತಿವಿದಳು. "ಯಕ್ಕಾ, ನೋಡಿದ್ಯಾ? ಇಷ್ಟೊತ್ತನಾ ಹಸಿರಿತ್ತು. ನಿನ್ನ ಮಗ ಬಂದ, ಕೆಂಪಾತು."

"ದಿನಾ ಹಂಗೇ ಆಕೈತವ್ವ, ಸಂಜೀಕ" ಎಂದಳು ಅವ್ವ.

"ಸಂಜೀಕ ಅಲ್ಲ, ಇವಂಗ ಆಕೈತಿ. ಗಾಳಿ ಇವನ ಮೈಮ್ಯಾಲೆ ಐತಿ." ಆಮೇಲೆ ನನ್ನ ಕಡೆ ತಿರುಗಿ, "ಏನಪಾ, ಬರೋ ದಾರ್ಯಾಗ ಎಲ್ಲ್ಯರ ನಿಂತಿದ್ದೇನು? ಹುಣಸಿಗಿಡದ ಕೆಳಗ?" ಎಂದಳು.

"ಕಾಟಾದಾಗ ನಿಂತಿದ್ದೆ ಅಜ್ಜಿ. ಮುಂಜಾನಿಂದ."

"ಹೊರಗ ಹೋಗು. ಮತ್ತ ಬಾ."

ನಗುತ್ತ ಹೋದೆ. ಹೊರಗೆ ಮೂರು ಲಾರಿ ಹೋಗುವ ತನಕ ನಿಂತೆ. ಬಂದೆ. ನಾನಿಲ್ಲದಾಗ ಹಸಿರಿಗೆ ತಿರುಗಿದ್ದ ದೀಪ ನಾನು ಹತ್ತಿರ ನಿಂತ ಕೂಡಲೇ ಮತ್ತೆ ಕೆಂಪಾಯಿತು. ಎರಡನೆಯ ಸಲ ಹೋಗಿಬಂದಾಗ ನಗಲಿಲ್ಲ. ಅವ್ವ ಎದ್ದು ನಿಂಬೆಹಣ್ಣು ಹುಡುಕತೊಡಗಿದ್ದಳು. ಸೊಸೆ, ಕರೆದರೂ ಓಗೊಡದವಳು ಎಂದು ಹೆಸರಾದವಳು, "ಅಣ್ಣಾರಿಗೆ ಭಾಳ ಹತ್ತೈತಿ ಕಾಣತೈತಿ" ಎಂದು ಕನಿಕರಪಟ್ಟಳು.

ಹೆಂಡತಿ ಒದ್ದೆ ಕೈಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಆಕೆಯ ಕಣ್ಣು ದೀಪದ ಮೇಲಿರಲಿಲ್ಲ, ನನ್ನ ಅಂಗಿಯ ಮೇಲಿತ್ತು. ಆಮೇಲೆ ಮಗಳ ಕೆನ್ನೆಯ ಮೇಲೆ. ಅಲ್ಲಿ ನನ್ನ ಅಂಗಿಯ ಗುಂಡಿಯ ಗುರುತು, ಸುತ್ತ ಕೆಂಪು ಪುಡಿ.

"ರೀ, ಹಿತ್ತಲಕ ಹೋಗಿ ಅಂಗಿ ಪ್ಯಾಂಟು ತಗೀರಿ. ತಲಿಮ್ಯಾಲೆ ನಾಲ್ಕು ತಂಬಿಗಿ ನೀರು ಹಾಕ್ಕೊಂಡು ಬರ್ರಿ."

ಲುಂಗಿ ಸುತ್ತಿಕೊಂಡು, ತಲೆಯಿಂದ ನೀರಿಳಿಸುತ್ತ ಬಂದು ಯಂತ್ರದ ಮುಂದೆ ನಿಂತೆ. ನಾಲ್ಕು ಜನ ಹೆಂಗಸರು, ಒಬ್ಬ ಮಗಳು, ಎಲ್ಲರೂ ದೀಪ ನೋಡಿದರು. ಹಸಿರು. ಇನ್ನೂ ಹತ್ತಿರ ಹೋದೆ. ಹಸಿರು.

"ಅಂಗ್ಯಾಗಿತ್ತು ನೋಡವ್ವ" ಎಂದು ಅಜ್ಜಿ ಉಸಿರುಬಿಟ್ಟಳು. "ಸುಟ್ಟುಬಿಡ್ರಿ ಅದನ್ನ."

ಹೆಂಡತಿ ಸುಡಲಿಲ್ಲ, ಬಕೆಟ್ಟಿನಲ್ಲಿ ಅದ್ದಿದಳು. ನೀರು ಓಕುಳಿಯಾಯಿತು. ಹಗಲೆಲ್ಲ ಲಾರಿಗಳು ಹೊತ್ತದ್ದನ್ನು ತೂಗಿ ಬರೆಯುವವನು, ನಾನೇ ಏನು ಹೊತ್ತು ತರುತ್ತಿದ್ದೆನೆಂದು ಒಂದು ದಿನವೂ ನೋಡಿಕೊಂಡಿರಲಿಲ್ಲ. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಸಂಡೂರಿನ ಗುಡ್ಡವನ್ನು ದಿನಾ ಸ್ವಲ್ಪ ಸ್ವಲ್ಪ ಒಳಗೆ ತಂದು, ಮಗಳ ಮೂಗಿನ ಹತ್ತಿರವೇ ಜಾಡಿಸುತ್ತಿದ್ದೆ.

ಮಾರನೆಯ ದಿನದಿಂದ ಹೊಸ ಕಾಯಿದೆ. ಬಂದವನು ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗಬೇಕು. ಬಟ್ಟೆ ಅಲ್ಲೇ ಬಿಚ್ಚಿ, ಸ್ನಾನ ಮಾಡಿ ಒಳಗೆ ಬರಬೇಕು. ಬೈಕಿನ ಸದ್ದಿಗೆ ಮಗಳು ಓಡಿಬರುತ್ತಿದ್ದಳು. ನಾನು ಕಾಟಾದಲ್ಲಿ ಲಾರಿ ತಡೆಯುವವನ ಹಾಗೆ ಎರಡೂ ಕೈ ಎತ್ತಿ, "ಬರಬ್ಯಾಡ, ಅಲ್ಲೇ ನಿಂದ್ರು, ಮುಟ್ಟಬ್ಯಾಡ" ಎಂದು ಕೂಗುತ್ತಿದ್ದೆ. ಆಕೆ ಮೂರು ಮಾರು ದೂರದಲ್ಲಿ ನಿಂತು ನಗುತ್ತಿದ್ದಳು. ಕೆಲವು ದಿನ ಅದೇ ಒಂದು ಆಟವಾಗಿತ್ತು. ಆಮೇಲೆ ಬಾಗಿಲ ತನಕ ಮಾತ್ರ ಬಂದಳು. ಆಮೇಲೆ ಕಿಟಕಿಯ ಗಾಜಿನ ಹಿಂದಿನಿಂದ ಕೈ ಬೀಸಿದಳು.

ಮೇ ಮುಗಿಯುವಷ್ಟರಲ್ಲಿ ಎದೆಯ ಸದ್ದು ಇಳಿದಿತ್ತು. ಡಾಕ್ಟರು ಕೊಳವೆ ಇಟ್ಟು ಕೇಳಿ, ಮತ್ತೊಮ್ಮೆ ಕೇಳಿ, "ಏನು ಮಾಡಿದ್ರಿ?" ಎಂದರು. "ಗಾಳಿ ಬಿಡಿಸಿದ್ವಿ" ಎಂದಳು ಹೆಂಡತಿ. ಕಂಪ್ಲಿಯ ಫಾರಂ ಕಂಪ್ಲಿಯಲ್ಲೇ ಉಳಿಯಿತು. ಅತ್ತೆ ಒಂದು ತಿಂಗಳು ನನ್ನೊಡನೆ ಫೋನಿನಲ್ಲಿ ಮಾತಾಡಲಿಲ್ಲ. ಮಗಳು ಜೂನಿನಲ್ಲಿ ಇಲ್ಲಿಯ ಶಾಲೆಗೇ ಹೋದಳು.

ನಾನು ಸಂಜೆ ಹಿತ್ತಲಲ್ಲಿ ಸೋಪು ಹಚ್ಚಿ, ಒಗೆದ ಬನೀನು ತೊಟ್ಟು, ನಡುಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದೆ. ಈಗ ಮುಟ್ಟಬಹುದಾಗಿತ್ತು. ಮಗಳು ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ, "ಬಂದ್ಯಾ ಅಪ್ಪಾ" ಎನ್ನುತ್ತಿದ್ದಳು. ಆಕೆಗೆ ಓಡಿಬರುವ ರೂಢಿ ತಪ್ಪಿಹೋಗಿತ್ತು.